ಜಂತೆ ಹಲಗೆಗೆ ಮೊದಲೇ ನೀರು ಮುಟ್ಟಿಸಬೇಡಿ

ಹಳೇ ಮನೆ ಸರಿಮಾಡಿಸುವ ಈಗಿನವರಿಗೆ ಸೂರಿನ ಹಲಗೆ ಕಪ್ಪಗೆ ಕಂಡರೆ ಸಾಕು, ಕೈಗೆ ಬರುವುದು ಸೋಪಿನ ನೀರು, ಇಲ್ಲಾ ಬಣ್ಣದ ಡಬ್ಬ. ಎರಡೂ ಕೆಡಿಸುವ ಕೆಲಸವೇ. ನಮ್ಮ ತುಮಕೂರು ಕಡೆಯ ತೊಟ್ಟಿ ಮನೆಗಳಲ್ಲಿ ಸೂರು ಹೊರುವ ಮರದ ಜಂತೆ, ತೊಲೆಗಳಿಗೆ ಕೂತಿರುವುದು ಸೌದೆ ಒಲೆಯ ಮಸಿ, ಜೊತೆಗೆ ಒಗ್ಗರಣೆ ಜಿಡ್ಡು. ಮಸಿಗೆ ನೀರು ಬಿದ್ದರೆ ಶಾಯಿಯಾಗಿ ಮರದ ಎಳೆಯೊಳಗೆ ಇಳಿಯುತ್ತೆ. ಆಮೇಲೆ ಉಜ್ಜಿದಷ್ಟೂ ಕಪ್ಪು. ಜಿಡ್ಡಿನ ಮೇಲೆ ಬಳಿದ ಬಣ್ಣ ವರ್ಷದೊಳಗೆ ಹಪ್ಪಳ ಏಳುತ್ತೆ.

ಕೆಲಸಕ್ಕೆ ಶಿವರಾತ್ರಿಯಿಂದ ಯುಗಾದಿವರೆಗೆ ಒಳ್ಳೇ ಸಮಯ, ಗಾಳಿ ಒಣಗಿರುತ್ತೆ. ಕಾರ್ತಿಕದ ಮಳೆಯಲ್ಲಿ ಅರಗಿನ ಪಾಲಿಶ್ ಹಚ್ಚಿಸಿ, ಬೆಳ್ಳಗೆ ಮಂಜು ಕವಿದಂತಾಯ್ತು ಅಂತ ಬಡಗಿಯನ್ನು ಬೈಯುವವರಿದ್ದಾರೆ. ಅದು ತೇವದ ತಪ್ಪು, ಬಡಗಿಯದಲ್ಲ. ತಾರಸಿ ಸೋರುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಿ. ಸುತ್ತಿಗೆ ಹಿಡಿಯಿಂದ ಪ್ರತಿ ಜಂತೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಮಣ್ಣಿನ ಸಾಲು ಕಂಡರೆ ಗೆದ್ದಲು. ಸೂಜಿ ತೂತಿನ ಕೆಳಗೆ ಬೆಳ್ಳನೆ ಹೊಸ ಹಿಟ್ಟು ಉದುರಿದ್ದರೆ ಹುಳ ಇನ್ನೂ ಒಳಗಿದೆ. ಅದಕ್ಕೆ ಔಷಧಿ ಆಗದೆ ಮರಕ್ಕೆ ಎಣ್ಣೆ ಹಚ್ಚಲು ಹೋಗಬೇಡಿ.

ಮೊದಲು ಒಣ ಪೊರಕೆಗೆ ಹಳೇ ಬಟ್ಟೆ ಸುತ್ತಿ ಮಸಿ ಇಳಿಸಿ, ಬಟ್ಟೆ ಕಪ್ಪಾದಾಗೆಲ್ಲ ಬದಲಿಸಿ. ಆಮೇಲೆ ಅರ್ಧ ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ರಬ್ಬರ್ ಗವಸು ತೊಟ್ಟು, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಎಳೆಯ ಉದ್ದಕ್ಕೆ ಒರೆಸಿ. ಸೋಡಾ ನಿಂತರೆ ತೇಗ, ಹೊನ್ನೆ ಕಪ್ಪಾಗುತ್ತೆ. ಬೆನ್ನಿಗೇ ಸ್ವಲ್ಪ ವಿನೆಗರ್ ಬೆರೆಸಿದ ನೀರಿನ ಬಟ್ಟೆ ಆಡಿಸಿ. ಎರಡು ಮೂರು ದಿನ ಒಣಗಲಿ.

ಇನ್ನೂ ಬಿಡದ ಜಿಡ್ಡು ಉಜ್ಜಲು ಉಕ್ಕಿನ ನಾರು ಮಾತ್ರ ಬೇಡ. ಅದರ ಚೂರು ಮರದಲ್ಲಿ ಸಿಕ್ಕಿಕೊಂಡು, ತೇವ ತಗುಲಿದಾಗ ಕಪ್ಪು ಚುಕ್ಕೆ ಬಿಡುತ್ತೆ. ತಿಪಟೂರು ಪಕ್ಕದಲ್ಲಿಟ್ಟುಕೊಂಡು ತೆಂಗಿನ ನಾರಿಗೆ ಬರವೇ? ನಾರಿಗೆ ಬಗ್ಗದ ಜಾಗಕ್ಕಷ್ಟೇ 120 ನಂಬರಿನ ಉಜ್ಜು ಕಾಗದ, ಕೊನೆಗೆ ಅದಕ್ಕಿಂತ ನುಣುಪಾದ 220. ಹಳೇ ಬಣ್ಣವಿದ್ದರೆ ಒಣಗಿದ್ದಾಗ ಉಜ್ಜಲೇಬೇಡಿ. 2017ಕ್ಕೆ ಮುಂಚಿನ ಬಣ್ಣದಲ್ಲಿ ವಿಷದ ಸೀಸ (ಲೆಡ್) ಇರಬಹುದು. ನೀರು ಚಿಮುಕಿಸಿ, ಮಾಸ್ಕ್ ಹಾಕಿ ಕೆರೆಯಿರಿ. ಮಕ್ಕಳನ್ನು ಹೊರಗೆ ಕಳಿಸಿ.

ಇನ್ನು ಎಣ್ಣೆ. ಇದರಲ್ಲಿ ಅವಸರ ಮಾಡುವವರು ಏಣಿ ಹತ್ತದಿದ್ದರೇ ವಾಸಿ. ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಅಗಸೆ ಎಣ್ಣೆ ಅಂತಲೇ ಕೇಳಿ; ಹಸಿ ಎಣ್ಣೆ ವಾರಗಟ್ಟಲೆ ಒಣಗಲ್ಲ. ಎಣ್ಣೆ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿ, ಬೆರಳಿಗೆ ಬೆಚ್ಚಗೆ ಹತ್ತಿದರೆ ಸಾಕು, ನೇರ ಉರಿಗೆ ಇಡಬೇಡಿ. ಒಲೆಯಿಂದ ದೂರ ಬಂದು ಎಣ್ಣೆಯ ಅಳತೆಯಷ್ಟೇ ಟರ್ಪೆಂಟೈನ್ ಬೆರೆಸಿ. ಬಟ್ಟೆ ಅಂದರೆ ಒಗೆದೂ ಒಗೆದೂ ಮೆತ್ತಗಾದ ಹತ್ತಿ ಪಂಚೆ. ಹೊಸ ಬಟ್ಟೆ ನೂಲು ಬಿಡುತ್ತೆ, ಟೆರಿಕಾಟ್ ಎಣ್ಣೆ ಹೀರಲ್ಲ. ಅಂಗೈಯಷ್ಟು ಉಂಡೆ ಕಟ್ಟಿ, ಅದ್ದಿ, ಹಿಂಡಿ, ಮುಂಗೈ ಹಿಂಬದಿಗೆ ಒತ್ತಿ ನೋಡಿ. ಬರೀ ಮಿಂಚಬೇಕು, ಹನಿ ಕಟ್ಟಬಾರದು. ಕಟ್ಟಿದರೆ ಆ ಹನಿ ಮೇಲಿಂದ ತೊಟ್ಟಿಕ್ಕಿ ನಿಮ್ಮ ಕಣ್ಣೊಳಗೇ ಬೀಳುತ್ತೆ. ಎರಡು ಜಂತೆ ನಡುವಿನ ಒಂದು ಅಂಕಣ ಮುಗಿಸಿ, ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಒಣ ಪಂಚೆಯಿಂದ ಪೂರ್ತಿ ಒರೆಸಿ. ಮರ ಕುಡಿದದ್ದು ಮರಕ್ಕೆ. ಮೇಲೆ ಉಳಿದದ್ದು ಅಂಟಾಗಿ ಧೂಳು ಹಿಡಿಯುತ್ತೆ. ಎರಡು ರಾತ್ರಿ ಕಳೆದ ಮೇಲೆ ಎರಡನೇ ಕೈ, ಈ ಸಲ ಟರ್ಪೆಂಟೈನ್ ಕಮ್ಮಿ.

ಎಣ್ಣೆ ಬಟ್ಟೆಯನ್ನು ಮುದುಡಿ ಅಟ್ಟದ ಮೂಲೆಗೆ ಎಸೆಯುವ ಚಾಳಿ ಬಿಡಿ. ಅಗಸೆ ಎಣ್ಣೆ ಗಾಳಿ ಹೀರಿ ಒಣಗುವಾಗ ಕಾವು ಹುಟ್ಟುತ್ತೆ, ಮುದ್ದೆಯೊಳಗೆ ಕಾವು ಕಟ್ಟಿ ತಾನಾಗೇ ಹೊತ್ತಿಕೊಳ್ಳುತ್ತೆ. ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಇಲ್ಲವೇ ಹಿತ್ತಲ ಕಲ್ಲಿನ ಮೇಲೆ ಬಿಡಿಬಿಡಿಯಾಗಿ ಹರಡಿ.

ಒಲೆಯ ಮೇಲಿನ ಹಲಗೆಗೆ ಅರಗಿನ ಪಾಲಿಶ್ ಬೇಡ, ಆವಿ ತಾಗಿ ಬೆಳ್ಳಗಾಗುತ್ತೆ. ವಾರ ಕಳೆದರೂ ಹಲಗೆ ಅಂಗೈಗೆ ಅಂಟಿದರೆ ಒರೆಸಿದ್ದು ಸಾಲದು ಅಂತ. ಬರೀ ಟರ್ಪೆಂಟೈನ್ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ, ಅದರ ಮೇಲೆ ಇನ್ನೊಂದು ಕೈ ಹೊಡೆಯಬೇಡಿ.