ಅಡಿಕೆ ಅಂಗಳದಲ್ಲಿ ಸೀರಿಯಲ್ ಶೂಟಿಂಗ್

ಶಿರಸಿ ಕಡೆಯ ಹುಡುಗರು ಆಗಾಗ ಫೋನ್ ಮಾಡುತ್ತಾರೆ. 'ಅಣ್ಣಾ, ಪ್ರೊಡ್ಯೂಸರ್ ಆಗೋಕೆ ಎಷ್ಟು ದುಡ್ಡು ಬೇಕು?' ದುಡ್ಡು ಬೇಕು, ನಿಜ. ಆದರೆ ನಾನು ಶುರು ಮಾಡಿದ್ದು ಬೆಂಗಳೂರಿನ ಒಂದು ಸೀರಿಯಲ್ ಸೆಟ್ಟಿನಲ್ಲಿ, ಬಾಟಾ, ಅಂದರೆ ದಿನಭತ್ಯೆಯ ಲೆಕ್ಕ ಬರೆಯುತ್ತಾ, ಜನರೇಟರ್‌ಗೆ ಡೀಸೆಲ್ ತರಿಸುತ್ತಾ. ಆಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಆದೆ, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆದೆ, ಈಗ ಸ್ವಂತ ಬ್ಯಾನರ್ ಇದೆ. ಕುರ್ಚಿ ಬದಲಾದರೂ ಕೆಲಸ ಬದಲಾಗಲಿಲ್ಲ. ದಿನ ಹೊಂದಿಸುವುದೇ ಈ ಕೆಲಸದ ಜೀವ.

ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಎಪಿಸೋಡ್. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷದ ಕಥೆ. ಬ್ಯಾಂಕಿಂಗ್ ಇಲ್ಲದೆ, ಅಂದರೆ ಮುಂದಿನ ಎಪಿಸೋಡ್‌ಗಳನ್ನು ತೆಗೆದು ಇಟ್ಟುಕೊಳ್ಳದೆ, ಯೂನಿಟ್ಟನ್ನು ಬೆಂಗಳೂರಿನಿಂದ ಹೊರಡಿಸಬಾರದು. ಒಂದು ದಿನ ಮಳೆ ಹಿಡಿದರೂ ಟೆಲಿಕಾಸ್ಟ್ ಕಾಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಶೆಡ್ಯೂಲ್ ಹಾಕುವಾಗ ಕಲಾವಿದರ ಕಾಲ್‌ಶೀಟಿಗಿಂತ ಮೊದಲು ಊರಿನ ಕ್ಯಾಲೆಂಡರ್ ನೋಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಔಟ್‌ಡೋರ್ ನಂಬುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿಯಲ್ಲಿ ಲಾಡ್ಜ್ ರೂಮು ಸಿಗುವುದೇ ಕಷ್ಟ. ದೋಣಿ ಕಡಲಿಗೆ ಹೋಗುವ ದೃಶ್ಯ ಇದ್ದರೆ ಮೇ ಒಳಗೇ ಮುಗಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲದಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಅಲ್ಲಿ ಡ್ರೋನ್ ಹಾರಿಸುವ ಆಸೆ ಇದ್ದರಂತೂ ಅನುಮತಿ ಕೈಗೆ ಬಂದ ಮೇಲೆಯೇ ಹೊರಡಿ. ನೌಕಾನೆಲೆ ಪಕ್ಕದಲ್ಲೇ ಇದೆ, ಅಲ್ವಾ.

ಹಳೇ ಮನೆಗಳಲ್ಲಿ ಶೂಟ್ ಮಾಡುವುದು ನನಗೆ ತುಂಬಾ ಇಷ್ಟ. ಜಗಲಿ, ಅಟ್ಟ, ದೊಡ್ಡ ಅಂಗಳ. ಸೆಟ್ ಹಾಕಿದರೆ ಆ ಬೆಳಕು ಬರುವುದಿಲ್ಲ. ಆದರೆ ಕೊಯ್ಲಿನ ಸಮಯದಲ್ಲಿ ಅಂಗಳ ಅಡಿಕೆಗೆ ಸೇರಿದ್ದು, ನಮಗಲ್ಲ. ಒಂದು ಮನೆಯಲ್ಲಿ ಲೈಟಿನವರು ಸ್ಟ್ಯಾಂಡ್ ಹಿಡಿದು ಇಳಿಯುತ್ತಿದ್ದಂತೆ ಅಜ್ಜಿ ಜಗಲಿಯಿಂದಲೇ ನನ್ನನ್ನು ಕರೆದು, 'ತಮಾ, ಅಡಿಕೆ ತುಳಿಯಡ' ಅಂದರು. ಅಲ್ಲೇ ಕುಳಿತು ನಿರ್ದೇಶಕರ ಜೊತೆ ಮಾತಾಡಿ ದೃಶ್ಯವನ್ನೇ ಬದಲಿಸಿದೆವು. ಸೊಸೆ ಅಡಿಕೆ ಹರವುತ್ತಾ ಅತ್ತೆಯ ಜೊತೆ ಮಾತಾಡುತ್ತಾಳೆ. ನಟಿಗೆ ಹರವುವುದನ್ನು ಕಲಿಸಿದ್ದೂ ಅಜ್ಜಿಯೇ. ಅಂಗೈ ಆಡಿಸುವ ರೀತಿ, ಕೊಳೆತದ್ದನ್ನು ಆರಿಸಿ ಪಕ್ಕಕ್ಕಿಡುವ ರೀತಿ, ಎಲ್ಲ.

ಇಲ್ಲಿ ಕಂಟಿನ್ಯೂಟಿಯ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲ ಹೊಂದಿಕೊಂಡು ಬರುವುದರ, ಒಂದು ಸೂಕ್ಷ್ಮ ಇದೆ. ಹಣ್ಣಡಿಕೆ ಬಿಸಿಲಿಗೆ ಬಿದ್ದ ಮೇಲೆ ಕಿತ್ತಳೆ ಬಣ್ಣ ಹೋಗಿ ಕಂದಾಗುತ್ತದೆ, ಸಿಪ್ಪೆ ಸುಕ್ಕುಗಟ್ಟುತ್ತದೆ. ಕಥೆಯಲ್ಲಿ ಒಂದೇ ದಿನ ನಡೆಯುವ ದೃಶ್ಯವನ್ನು ವಾರ ಬಿಟ್ಟು ತೆಗೆದರೆ ನಮ್ಮ ಕಡೆಯವರು ಟಿವಿ ಮುಂದೆ ಕೂತು ತಕ್ಷಣ ಹಿಡಿಯುತ್ತಾರೆ. ಹಾಗಾಗಿ ಅಂಗಳದ ದೃಶ್ಯಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಆಮೇಲೆ ಒಳಮನೆಗೆ ಹೋಗುತ್ತೇವೆ.

ಇನ್ನು ದುಡ್ಡಿನ ವಿಷಯ. ಚಾನೆಲ್ ಎಪಿಸೋಡಿಗೆ ಇಷ್ಟು ಅಂತ ಒಪ್ಪಂದ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಟೆಲಿಕಾಸ್ಟ್ ಆಗಿ, ಬಿಲ್ ಹೋಗಿ, ಒಪ್ಪಂದದ ಗಡುವು ಕಳೆದ ಮೇಲೆ ಹಣ ಬರುತ್ತದೆ. ಲೈಟಿನವರು, ಡ್ರೈವರ್, ಅಡುಗೆಯವರು ಅಷ್ಟು ದಿನ ಕಾಯುವ ಹಾಗಿಲ್ಲ, ಕಾಯಿಸಲೂಬಾರದು. ಆ ನಡುವಿನ ತಿಂಗಳುಗಳನ್ನು ಹೊರುವವನೇ ನಿರ್ಮಾಪಕ. ಕಥೆಯ ಹಕ್ಕು ಬಹಳ ಸಲ ಚಾನೆಲ್‌ಗೇ ಹೋಗುತ್ತದೆ, ಸೀರಿಯಲ್ ನಿಂತ ಮೇಲೆ ನಮಗೆ ಉಳಿಯುವುದು ಎಪಿಸೋಡಿನಲ್ಲಿ ಉಳಿಸಿದ್ದಷ್ಟೇ.

ಅದಕ್ಕೇ ಫೋನ್ ಮಾಡುವ ಹುಡುಗರಿಗೆ ತೋಟ ಅಡವಿಟ್ಟು ಬರಬೇಡಿ ಅನ್ನುತ್ತೇನೆ. ಮೊದಲು ಯಾವುದಾದರೂ ಯೂನಿಟ್‌ನಲ್ಲಿ ಮ್ಯಾನೇಜರ್ ಕೈಕೆಳಗೆ ಸೇರಿ. ನಾವು ಈ ಕಡೆ ಬಂದಾಗ ಊರಿನ ಹುಡುಗರನ್ನೇ ಲೊಕೇಶನ್ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ. ಯಾರ ಮನೆಯಲ್ಲಿ ಯಾವಾಗ ಕೊಯ್ಲು ಅಂತ ಅವರಿಗೆ ಗೊತ್ತಿರುತ್ತದೆ.