ಎರಡು ಸುಶಿ

ತೈವಾನಿಗೆ ಹೊರಡುವುದಕ್ಕೆ ಹದಿನೈದು ದಿನ ಇರುವಾಗ ತಂಗಿ ವಾಟ್ಸಾಪ್‌ನಲ್ಲಿ ಬರೆದಳು: ‘ಮನೆ ಕೆಳಗೇ ಸುಶಿ ಅಂಗಡಿ ಇದೆ. ಅಮ್ಮನ ಊಟದ ಚಿಂತೆ ಬಿಡಿ.’ ನಾನು ಅದನ್ನು ಹಾಗೇ ಅಮ್ಮನಿಗೆ ಓದಿ ಹೇಳಿದೆ. ಹೇಳಬಾರದಿತ್ತು. ಸುಶಿಯಲ್ಲಿ ಹಸಿ ಮೀನು ಇರುತ್ತದೆ ಅಂತ ಮಲೆನಾಡಿನ ಸಾಗರದಲ್ಲಿ ಕೂತ ಅಮ್ಮನಿಗೂ ಗೊತ್ತು. ಮಾರನೇ ದಿನವೇ ಮನೆಯಲ್ಲಿ ಮಿಕ್ಸಿ ತಿರುಗತೊಡಗಿತು. ಚಟ್ನಿಪುಡಿ, ಸಾರಿನಪುಡಿ, ಗಟ್ಟಿ ಅವಲಕ್ಕಿ, ಅಪ್ಪೆಮಿಡಿ ಎಲ್ಲ ಸೇರಿ ಎಂಟು ಕಿಲೋ ಆಯಿತು. ನನ್ನ ಬಟ್ಟೆಗೆ ಉಳಿದದ್ದು ಸೂಟ್‌ಕೇಸಿನ ಒಂದು ಮೂಲೆ.

ತಂಗಿ, ಅವಳ ಗಂಡ ಇಬ್ಬರೂ ತೈವಾನಿನ ಶಿನ್‌ಚುನಲ್ಲಿ ಚಿಪ್ ಎಂಜಿನಿಯರುಗಳು. 1980ರಲ್ಲಿ ಅಲ್ಲಿ ವಿಜ್ಞಾನ ಪಾರ್ಕ್ ಶುರುವಾದ ಮೇಲೆ ಆ ಊರಿನ ಹೆಸರು ಅಂದರೆ ಚಿಪ್ ಅಂತಾಗಿದೆ. ಹೆಸರಿನ ಅರ್ಥ ಮಾತ್ರ ‘ಹೊಸ ಬಿದಿರು’. ಜೂನ್ ಮೂರನೇ ವಾರ ನಾವು ಇಳಿದಾಗ ಸೆಖೆ ಅಂದರೆ ಸೆಖೆ.

ಮೊದಲ ದಿನ ಮಧ್ಯಾಹ್ನವೇ ತಂಗಿ ಆ ಅಂಗಡಿಗೆ ಕರೆದುಕೊಂಡು ಹೋದಳು. ಗೊಂದಲ ಏನು ಅಂದರೆ, ಚೀನೀ ಭಾಷೆಯಲ್ಲಿ ಸಸ್ಯಾಹಾರಕ್ಕೆ ‘ಸು ಶಿ’ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಜಪಾನಿನ ಸುಶಿಯೂ ಅದೇ, ಇದೂ ಅದೇ. ಅಂಗಡಿ ಬೋರ್ಡಿನ ಮೇಲೆ ಸ್ವಸ್ತಿಕ ಇತ್ತು. ಅಮ್ಮ ನಿಂತು ನೋಡಿದಳು. “ಉಲ್ಟಾ ಬರೆದಿದ್ದಾರೆ ಅಲ್ವಾ?” ಅಂದಳು. ಬೌದ್ಧರ ಸ್ವಸ್ತಿಕ ಎಡಕ್ಕೆ ತಿರುಗಿರುತ್ತದೆ. ಉಲ್ಟಾ ಆದರೂ ಸ್ವಸ್ತಿಕವೇ ತಾನೇ, ಅಮ್ಮ ಒಳಗೆ ಬಂದಳು.

ಒಳಗೆ ಮೂವತ್ತು ನಲವತ್ತು ತಟ್ಟೆಗಳಲ್ಲಿ ಪಲ್ಯ, ಹುರಿದದ್ದು, ಬೇಯಿಸಿದ್ದು. ಬೇಕಾದ್ದು ಬಡಿಸಿಕೊಂಡು ತೂಕ ಹಾಕಿಸಬೇಕು. ತೂಕಕ್ಕೆ ತಕ್ಕ ದುಡ್ಡು. ಅನ್ನಕ್ಕೆ ಬೇರೆ ಹತ್ತು ಡಾಲರ್, ತಿಳಿಸಾರು ಪುಕ್ಕಟೆ. ಮೂವರಿಗೂ ಸೇರಿ ಮುನ್ನೂರು ತೈವಾನ್ ಡಾಲರ್ ದಾಟಲಿಲ್ಲ. ಗೆಣಸಿನ ಸೊಪ್ಪು, ಹಾಗಲಕಾಯಿ, ಸಿಹಿಗುಂಬಳ, ತಾವರೆ ದಂಟು. ಕೊನೆಯ ತಟ್ಟೆಯಲ್ಲಿ ಕಳಲೆ! ಅಮ್ಮನ ಮುಖ ಅರಳಿತು. ಊರಿನಲ್ಲೂ ಅದು ಕಳಲೆ ಕಾಲವೇ. “ಎಷ್ಟು ದಿನ ನೀರಿನಲ್ಲಿ ನೆನೆಸ್ತಾರೆ ಕೇಳು” ಅಂತ ತಂಗಿಯನ್ನು ಪೀಡಿಸಿದಳು. ನೆನೆಸುವುದಿಲ್ಲವಂತೆ, ಚೆನ್ನಾಗಿ ಬೇಯಿಸುತ್ತಾರಂತೆ. ಅಮ್ಮ ನಂಬಲಿಲ್ಲ. ಆದರೂ ಎರಡು ಸಲ ಬಡಿಸಿಕೊಂಡಳು.

ನಮಗೆ ನಿಜವಾದ ಲಾಭ ಆದದ್ದು ಬೇರೆ ಕಡೆ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ‘ಈರುಳ್ಳಿ ಹಾಕಬೇಡಿ’ ಅಂದರೆ ಸಪ್ಲೈಯರ್ ಮುಖ ನೋಡಬೇಕು! ತೈವಾನಿನ ಸು ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದಿರುವುದೇ ವಾಡಿಕೆ. ಬೌದ್ಧರು ಐದು ಘಾಟು ಪದಾರ್ಥಗಳನ್ನು ಬಿಡುತ್ತಾರೆ. ಪ್ಯಾಕೆಟ್ ತಿಂಡಿಗಳ ಮೇಲೂ ಸಸ್ಯಾಹಾರ ಅಂತ ಒಂದೇ ಹಸಿರು ಚುಕ್ಕೆ ಇಟ್ಟು ಸುಮ್ಮನಾಗುವುದಿಲ್ಲ. ಪೂರ್ತಿ ಸು, ಮೊಟ್ಟೆ ಸು, ಹಾಲಿನ ಸು, ಮೊಟ್ಟೆ ಹಾಲು ಎರಡೂ ಇರುವ ಸು, ಘಾಟು ಪದಾರ್ಥ ಇರುವ ಸು ಅಂತ ಐದು ಬಗೆ. ನಾನು ಮೂರನೇ ದಿನದ ಹೊತ್ತಿಗೆ ಆ ಅಕ್ಷರಗಳನ್ನು ಚಿತ್ರದ ಹಾಗೆ ಗುರುತು ಹಿಡಿದುಕೊಂಡೆ. ಮೊಟ್ಟೆ ಅಕ್ಷರ ನನಗೆ ಬೇಗ ಬಂತು. (ನಾನು ಮನೆಯಿಂದ ಹೊರಗೆ ಮೊಟ್ಟೆ ತಿನ್ನುವುದು ಅಮ್ಮನಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಇಬ್ಬರೂ ಆ ವಿಷಯ ಎತ್ತಿಲ್ಲ.)

ಆ ಐದು ಘಾಟು ಪದಾರ್ಥಗಳ ಹಳೇ ಪಟ್ಟಿಯಲ್ಲಿ ಇಂಗೂ ಇದೆ. ಅದಕ್ಕೆ ಶಿಂಗ್‌ಚ್ಯು ಅನ್ನುತ್ತಾರೆ, ಸಂಸ್ಕೃತದ ಹಿಂಗುವೇ ಹಾಗೆ ಆಗಿದೆ. ನಾವು ಬೆಳ್ಳುಳ್ಳಿ ಬಿಟ್ಟ ಜಾಗದಲ್ಲಿ ಇಂಗು ಹಾಕಿದರೆ ಅವರು ಅದನ್ನೂ ಬಿಟ್ಟಿದ್ದಾರೆ. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದ್ರೆ ನನ್ನ ಸಾರಿನಪುಡಿ ಅವರಿಗೆ ಆಗಲ್ಲ” ಅಂದಳು. ಜೀವನದಲ್ಲಿ ಮೊದಲ ಸಲ ಅಮ್ಮನ ಅಡುಗೆ ಮೈಲಿಗೆಯಾಗಿತ್ತು.

ಅಲ್ಲಿ ಇಡೀ ವರ್ಷ ಸು ತಿನ್ನುವವರೂ ಇದ್ದಾರೆ. ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಮಾತ್ರ ತಿನ್ನುವವರೂ ಬಹಳ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ಎರಡು ದಿನ ಅಂಗಡಿಯಲ್ಲಿ ಜಾಸ್ತಿ ಜನ, ಹನ್ನೆರಡಕ್ಕೇ ಒಳ್ಳೆಯದೆಲ್ಲ ಖಾಲಿ. ನಾವು ಗೋಡೆಗೆ ಪಂಚಾಂಗ ತೂಗುಹಾಕಿ ಹನ್ನೊಂದೂವರೆಗೇ ಹೋಗತೊಡಗಿದೆವು. ಅಮ್ಮ ತಂದ ಒಂಟಿಕೊಪ್ಪಲ್ ಪಂಚಾಂಗ ತೈವಾನಿನಲ್ಲಿ ಹೀಗೆ ಉಪಯೋಗಕ್ಕೆ ಬಂತು.

ಒಂದೇ ಒಂದು ವಿಷಯದಲ್ಲಿ ಅಮ್ಮನಿಗೆ ಸು ಅಂಗಡಿಯ ಮೇಲೆ ಸಿಟ್ಟು. ಸೋಯಾ, ಗೋಧಿಯ ಅಂಟು ಎಲ್ಲ ಸೇರಿಸಿ ಮೀನು, ಸೀಗಡಿ, ಕೋಳಿ ಕಾಲಿನ ಹಾಗೆಯೇ ಮಾಡಿಟ್ಟಿರುತ್ತಾರೆ. ಸೀಗಡಿಗೆ ಕೆಂಪು ಗೆರೆ ಕೂಡ ಎಳೆದಿರುತ್ತಾರೆ. “ತಿನ್ನಲ್ಲ ಅಂತಾದ ಮೇಲೆ ಅದರ ಗೊಂಬೆ ಯಾಕೆ?” ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರುಚಿ ಮಾತ್ರ ಚೆನ್ನಾಗಿತ್ತು.

ಅಲ್ಲಿ ಊಟ ಮಾಡುವಾಗಲೇ ಒಂದು ಸಲ ಅಮ್ಮ ಎರಡೂ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನೀರು ಕುಡಿದಳು. ಪಕ್ಕದ ಟೇಬಲ್ಲಿನ ಅಜ್ಜಿ ಎದ್ದು ಬಂದು ಮೆಲ್ಲಗೆ ಕಡ್ಡಿ ತೆಗೆದು ಬಟ್ಟಲಿನ ಮೇಲೆ ಅಡ್ಡ ಇಟ್ಟರು. ಸತ್ತವರಿಗೆ ಇಡುವ ಅನ್ನದಲ್ಲಿ ಕಡ್ಡಿ ಹಾಗೆ ಚುಚ್ಚುತ್ತಾರೆ ಅಂತ ತಂಗಿ ಹೇಳಿದಳು. ಅಮ್ಮನಿಗೆ ಜಾಸ್ತಿ ವಿವರಿಸಬೇಕಾಗಲಿಲ್ಲ. ಪಿಂಡ ಅಂತ ಒಂದೇ ಮಾತು ಸಾಕಾಯಿತು.

ಶನಿವಾರಗಳಲ್ಲಿ ಹೈಸ್ಪೀಡ್ ರೈಲು ಹತ್ತಿ ತೈಪೆಗೆ ಹೋಗುತ್ತಿದ್ದೆವು, ಅರ್ಧ ಗಂಟೆ ದಾರಿ. ರಾವ್‌ಹೆ ಬೀದಿಯ ರಾತ್ರಿ ಸಂತೆಯಲ್ಲಿ ಅಮ್ಮ ಮೂಗಿಗೆ ಸೆರಗು ಹಿಡಿದೇ ನಡೆದಳು. ಅವಳಿಗೆ ಹಿಡಿಸಿದ್ದು ಒಂದೇ. ಬೆಲ್ಲದಚ್ಚಿನಂಥ ದೊಡ್ಡ ಕಡಲೆಕಾಯಿ ಚಿಕ್ಕಿಯನ್ನು ಕೀಸುಳಿಯಿಂದ ಹೆರೆದು, ತೆಳ್ಳನೆಯ ಹಾಳೆಯ ಮೇಲೆ ಹರಡಿ, ಐಸ್‌ಕ್ರೀಮ್ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ಸುತ್ತಿ ಕೊಡುತ್ತಾರೆ. ಐಸ್‌ಕ್ರೀಮಿಗೆ ಕೊತ್ತಂಬರಿ! ತಿಂದು ನೋಡಿ, ಆಮೇಲೆ ನಗಿ. ನಾನು ನಾರುವ ತೋಫು (ಸೋಯಾ ಪನೀರ್) ತಿಂದೆ. ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ಹುಳಿ ಎಲೆಕೋಸು. ಹುಳಿ ಬರಿಸುವ ನೀರಿಗೆ ಕೆಲವರು ಸೀಗಡಿ ಹಾಕುವುದುಂಟು, ಅದಕ್ಕೇ ಸು ಬೋರ್ಡ್ ಇರುವ ಗಾಡಿಯನ್ನೇ ಹುಡುಕಿದೆ. ಅಮ್ಮ ರಸ್ತೆ ಆಚೆ ನಿಂತಿದ್ದಳು.

ಟೀ ಅಂಗಡಿಯಲ್ಲಿ ನಮ್ಮ ಪರವಾಗಿ ಮಾತಾಡುತ್ತಿದ್ದವಳು ತಂಗಿಯ ಆರು ವರ್ಷದ ಮಗಳು. ಎಷ್ಟು ಸಕ್ಕರೆ, ಎಷ್ಟು ಐಸ್ ಅಂತ ಕೇಳುತ್ತಾರೆ. “ಬಾನ್ ಥಾಂಗ್, ಛ್ಯು ಬಿಂಗ್” ಅಂದುಬಿಡುತ್ತಿದ್ದಳು. ಅರ್ಧ ಸಕ್ಕರೆ, ಐಸ್ ಬೇಡ. ಟೀ ಲೋಟದ ತಳದಲ್ಲಿರುವ ಕಪ್ಪು ಗುಂಡುಗಳು ಮರಗೆಣಸಿನ ಹಿಟ್ಟಿನವು. ನಮ್ಮ ಸಬ್ಬಕ್ಕಿಯೂ ಅದರದ್ದೇ. ಅದು ಗೊತ್ತಾದ ಮೇಲೆ ಅಮ್ಮ ಏಕಾದಶಿ ದಿನವೂ ಅದನ್ನು ಕುಡಿದಳು. ಯಾರೂ ವಾದ ಮಾಡಲಿಲ್ಲ.

ಇಷ್ಟೆಲ್ಲ ಸುಗಮವಾಗಿ ನಡೆದದ್ದರಿಂದಲೇ ನಾನು ಎಡವಿದ್ದು.

ತೈವಾನಿನಲ್ಲಿ ಜಪಾನಿ ಊಟ ಬೀದಿಗೊಂದು ಸಿಗುತ್ತದೆ. 1895ರಿಂದ 1945ರವರೆಗೆ ದ್ವೀಪ ಜಪಾನಿನ ಕೈಯಲ್ಲಿತ್ತು. ಆಳಿದವರು ಹೋದರೂ ಊಟ ಉಳಿಯಿತು. ರೈಲಿನಲ್ಲಿ ಕೊಡುವ ಬುತ್ತಿಗೆ ಬಿಯೆನ್‌ದಾಂಗ್ ಅನ್ನುತ್ತಾರೆ, ಜಪಾನಿನ ಬೆಂತೋನೇ ಅದು. ವಯಸ್ಸಾದ ಹೆಂಗಸರನ್ನು ಈಗಲೂ ಜಪಾನಿ ಮಾತಿನಲ್ಲಿ ಒಬಾಸಾನ್ ಅನ್ನುವುದುಂಟು. ಒಂದು ಮಧ್ಯಾಹ್ನ ತಂಗಿ ಆಫೀಸಿನಲ್ಲಿದ್ದಾಗ ನಾನು ಧೈರ್ಯ ಮಾಡಿ ಅಮ್ಮನನ್ನು ಒಂದು ಸಣ್ಣ ಜಪಾನಿ ಅಂಗಡಿಗೆ ಕರೆದುಕೊಂಡು ಹೋದೆ. ಫೋಟೋ ನೋಡಿ ಕಿತ್ಸುನೆ ಉದೋನ್ ಆರಿಸಿದೆ. ದಪ್ಪ ಗೋಧಿ ಶಾವಿಗೆ, ಮೇಲೆ ಕರಿದ ತೋಫು, ತಿಳಿಸಾರು. “ವೋ ಛಿ ಸೂ”, ನಾನು ಸಸ್ಯಾಹಾರಿ ಅಂತಲೂ ಹೇಳಿದೆ. ಹುಡುಗ ಬಟ್ಟಲು ನೋಡಿ ತಲೆಯಾಡಿಸಿದ. ಅವನ ಲೆಕ್ಕದಲ್ಲಿ ತುಂಡು ಮಾಂಸ ಇಲ್ಲ, ಅಷ್ಟೇ.

ಅಮ್ಮ ಬಟ್ಟಲೆತ್ತಿ ಸಾರು ಪೂರ್ತಿ ಕುಡಿದಳು. “ಏನು ಹಾಕ್ತಾರೋ, ಎಷ್ಟು ಚೆನ್ನಾಗಿದೆ” ಅಂದಳು.

ಏನು ಹಾಕುತ್ತಾರೆ ಅಂತ ರಾತ್ರಿ ತಂಗಿ ಹೇಳಿದಳು. ಕೊಂಬು ಅನ್ನುವ ಸಮುದ್ರದ ಪಾಚಿ, ಜೊತೆಗೆ ಕತ್ಸುವೋಬುಶಿ. ಒಂದು ಜಾತಿಯ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯ ಹಾಗೆ ಗಟ್ಟಿಯಾಗುವವರೆಗೆ ಒಣಗಿಸಿ, ಹೆರೆದು ಸಾರಿಗೆ ಹಾಕುತ್ತಾರೆ. ಚೀನೀ ಹೆಸರೇ ಛಾಯ್ ಯು, ಸೌದೆ ಮೀನು. ಬಸಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹುದುಗಿಸಿದ ಸೋಯಾದ ಮಿಸೋ ಸಾರಿಗೂ ಅದೇ ನೀರು, ಅನ್ನ ತುಂಬುವ ಇನಾರಿ ಸುಶಿಯ ತೋಫು ಚೀಲವನ್ನು ಬೇಯಿಸುವುದೂ ಸಾಮಾನ್ಯವಾಗಿ ಅದರಲ್ಲೇ. ನಾನು ತಟ್ಟೆಯಲ್ಲಿ ಕಾಣುವುದನ್ನು ಕೇಳಿದ್ದೆ, ನೀರನ್ನು ಕೇಳಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿಬಿಟ್ಟೆ. ಅಮ್ಮ ಲೋಟ ಕೆಳಗಿಟ್ಟಳು.

“ಅಷ್ಟು ಚೆನ್ನಾಗಿದ್ದಾಗಲೇ ನನಗೆ ಅನುಮಾನ ಬಂದಿತ್ತು” ಅಂದಳು.

ಆ ದಿನ ಹಾಲು ಬಾಳೆಹಣ್ಣಿನಲ್ಲೇ ಕಳೆದಳು. ನನ್ನ ಜೊತೆ ಮಾತಾಡಿದಳು, ಆದರೆ ಬೇಕಾದಷ್ಟೇ. ಮೂರನೇ ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಆ ಪ್ಯಾಕೆಟ್ ತೋರಿಸು ಅಂದಳು. ಕೈಯಲ್ಲಿ ಹಿಡಿದು ಬೆಳಕಿಗೆ ಹಿಡಿದು ನೋಡಿದಳು. “ಥೇಟ್ ಬಡಗಿ ಹೆರೆದ ಹಾಗಿದೆ” ಅಂತ ವಾಪಸ್ ಇಟ್ಟಳು. ಅಲ್ಲಿಗೆ ಮುಗಿಯಿತು.

ಆಮೇಲೆ ತಂಗಿ ಒಂದು ಚೀಟಿ ಬರೆದುಕೊಟ್ಟಳು: ಪೂರ್ತಿ ಸು, ಸಾರಿನ ನೀರಿನಲ್ಲೂ ಛಾಯ್ ಯು ಬೇಡ. ಅದನ್ನು ತೋರಿಸಿದರೆ ಜಪಾನಿ ಅಂಗಡಿಗಳಲ್ಲಿ ಹತ್ತರಲ್ಲಿ ಏಳು ಕಡೆ ಕೈಯಾಡಿಸಿ ಆಗುವುದಿಲ್ಲ ಅಂದರು. ನನಗೆ ಅದೇ ಸಮಾಧಾನ. ಕೊನೆಗೆ ತೈಪೆಯಲ್ಲಿ ಸು ಬೋರ್ಡಿನ ಜಪಾನಿ ಹೋಟೆಲ್ ಸಿಕ್ಕಿತು. ಸಾರಿಗೆ ಕೊಂಬು, ಒಣ ಅಣಬೆ ಎರಡೇ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲೂ ಹಾಗೇ ಮಾಡುತ್ತಾರೆ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಉಮಾಮಿ, ಅಂದರೆ ಐದನೇ ರುಚಿ ಅನ್ನಿಸಿಕೊಂಡ ಸಾರಿನ ರುಚಿಯನ್ನು ಬೇರ್ಪಡಿಸಿದ್ದೂ ಈ ಕೊಂಬುವಿನಿಂದಲೇ. ಮೀನಿಲ್ಲದಿದ್ದರೂ ಆ ರುಚಿ ಇರುತ್ತದೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಚಮಚ ಕುಡಿದು, “ಅವತ್ತಿನಷ್ಟು ಇಲ್ಲ” ಅಂದಳು. ಪಕ್ಕದಲ್ಲಿ ಕೆಂಪನೆಯ ಉಮೆಬೋಶಿ ಇತ್ತು, ಉಪ್ಪಿನಲ್ಲಿಟ್ಟ ಹುಳಿ ಹಣ್ಣು. ಅದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಅಪ್ಪೆಮಿಡಿ ಹಾಕಿದ ಕೈ ಅದು, ಉಪ್ಪಿನ ಲೆಕ್ಕ ಗೊತ್ತು. ಇನ್ನೂ ಎರಡು ಕೇಳಿ ಹಾಕಿಸಿಕೊಂಡಳು.

ತೈವಾನಿನಲ್ಲಿ ಹೆಚ್ಚಿನ ಬಿಲ್ಲುಗಳಿಗೆ ಒಂದು ಎಂಟಂಕಿಯ ನಂಬರು ಇರುತ್ತದೆ. ಎರಡು ತಿಂಗಳಿಗೊಮ್ಮೆ, 25ನೇ ತಾರೀಕು ಸರ್ಕಾರ ಲಾಟರಿ ಎತ್ತುತ್ತದೆ. ಅಮ್ಮ ಹೊರಡುವವರೆಗೂ ಬಿಲ್ಲುಗಳನ್ನೆಲ್ಲ ಅವಲಕ್ಕಿ ಡಬ್ಬಿಯಲ್ಲಿ ಕೂಡಿಟ್ಟು ತಂಗಿಗೆ ಕೊಟ್ಟು ಬಂದಿದ್ದಳು. ಆಗಸ್ಟ್‌ನಲ್ಲಿ, ನಾವು ಸಾಗರಕ್ಕೆ ಬಂದ ಮೇಲೆ, ತಂಗಿ ಫೋನ್ ಮಾಡಿದಳು. ಒಂದು ಬಿಲ್ಲಿನ ಕೊನೆಯ ಮೂರು ಅಂಕಿ ಹೊಂದಿ 200 ಡಾಲರ್ ಬಂದಿತ್ತು.

“ಯಾವ ಅಂಗಡಿದು?” ಅಂತ ಅಮ್ಮ ಕೇಳಿದಳು.

ಉದೋನ್ ಅಂಗಡಿಯದು.

ಅಮ್ಮ ಒಂದು ಗಳಿಗೆ ತಡೆದಳು. “ಪುಟ್ಟಿಗೆ ಸಬ್ಬಕ್ಕಿ ಟೀ ಕೊಡಿಸು” ಅಂತ ಹೇಳಿ ಫೋನ್ ನನ್ನ ಕೈಗಿತ್ತಳು.