ಬೆನ್ನು ನೆಲಕ್ಕೆ ಹತ್ತದಂತೆ ಎಂಟು ಚಳಿಗಾಲ: ಅಯೋವಾದ ಶಾಲಾ-ಕಾಲೇಜು ಕುಸ್ತಿಯಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿದ್ದ ನಮ್ಮ ಅಜ್ಜ ಹರೆಯದಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವರು. ಅವರ ಎಡಗಿವಿ ಮುದುಡಿಕೊಂಡು ಗಟ್ಟಿಯಾಗಿತ್ತು. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆನೇ ಹೊರತು ಹಾಗೇಕಾಯಿತೆಂದು ಕೇಳಿದವನಲ್ಲ. 2009ರಲ್ಲಿ ಅಪ್ಪನ ಉದ್ಯೋಗದ ನಿಮಿತ್ತ ನಾವು ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದಾಗ ನಾನು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿಯನ್ನು ಮುಗಿಸಿದ್ದೆ. ಇಂಗ್ಲಿಷ್ ಅರ್ಧಂಬರ್ಧ ಬರುತ್ತಿತ್ತು, ತೂಕ ನಲವತ್ತೈದು ಕಿಲೋ ಇತ್ತು. ಹೈಸ್ಕೂಲಿನ ಕುಸ್ತಿ ತರಬೇತುದಾರರು ನನ್ನನ್ನು ಕಂಡೊಡನೆ ಕೇಳಿದ್ದು ಹೆಸರನ್ನಲ್ಲ, ತೂಕವನ್ನು. ಆಗ ಶಾಲಾ ಕುಸ್ತಿಯಲ್ಲಿ 103 ಪೌಂಡಿನಿಂದ (ಸುಮಾರು 47 ಕಿಲೋ) 285 ಪೌಂಡಿನವರೆಗೆ (ಸುಮಾರು 129 ಕಿಲೋ) ಹದಿನಾಲ್ಕು ವಿಭಾಗಗಳಿದ್ದವು. ಎಲ್ಲಕ್ಕಿಂತ ಕೆಳಗಿನ ವಿಭಾಗಕ್ಕೆ ಅವರ ಬಳಿ ಹುಡುಗನೇ ಇರಲಿಲ್ಲ, ಯಾರೂ ಇಳಿಯದಿದ್ದರೆ ಎದುರಿನ ಶಾಲೆಗೆ ಆರು ಅಂಕ ಪುಕ್ಕಟೆಯಾಗಿ ಹೋಗುತ್ತಿತ್ತು. ಬ್ಯಾಸ್ಕೆಟ್‌ಬಾಲಿಗೂ ಅಮೆರಿಕನ್ ಫುಟ್‌ಬಾಲಿಗೂ ಬೇಡವಾದ ನನ್ನ ಮೈ ಇಲ್ಲಿ ಬೇಕಾಗಿತ್ತು. ಹದಿನಾಲ್ಕು ವರ್ಷದ ಪರದೇಶಿ ಹುಡುಗನಿಗೆ ಅದಕ್ಕಿಂತ ದೊಡ್ಡ ಆಕರ್ಷಣೆ ಬೇಕಿರಲಿಲ್ಲ.

ಅಲ್ಲಿಯ ಶಾಲೆ-ಕಾಲೇಜುಗಳ ಕುಸ್ತಿ ಒಲಿಂಪಿಕ್ಸಿನ ಕುಸ್ತಿಯಲ್ಲ, ನಮ್ಮ ನಾಡಕುಸ್ತಿಯಂತೂ ಅಲ್ಲ. ಫೋಕ್‌ಸ್ಟೈಲ್ ಎಂದು ಕರೆಯುವ ಈ ಪದ್ಧತಿಯಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವುದಕ್ಕಿಂತ ಅವನನ್ನು ಕೆಳಗೆ ಹಿಡಿದಿಡುವುದಕ್ಕೂ, ಕೆಳಗಿರುವವನು ಬಿಡಿಸಿಕೊಂಡು ಏಳುವುದಕ್ಕೂ ಹೆಚ್ಚು ಬೆಲೆಯಿದೆ. ಮೊದಲ ಸುತ್ತು ಇಬ್ಬರೂ ನಿಂತು ಆರಂಭಿಸುತ್ತಾರೆ. ಎರಡು ಮತ್ತು ಮೂರನೆಯ ಸುತ್ತುಗಳಲ್ಲಿ ಸಾಮಾನ್ಯವಾಗಿ ಒಬ್ಬನು ಕೈ-ಮಂಡಿಗಳನ್ನೂರಿ ಕೆಳಗೆ ಕೂರುತ್ತಾನೆ, ಮತ್ತೊಬ್ಬನು ಪಕ್ಕದಲ್ಲಿ ಮಂಡಿಯೂರಿ ಅವನ ಸೊಂಟವನ್ನು ಒಂದು ಕೈಯಿಂದ ಬಳಸಿ, ಇನ್ನೊಂದು ಕೈಯಿಂದ ಮೊಣಕೈಯನ್ನು ಹಿಡಿದಿರುತ್ತಾನೆ. ಸೀಟಿ ಊದಿದೊಡನೆ ಕೆಳಗಿನವನು ಎದ್ದು ಬಿಡಿಸಿಕೊಂಡರೆ ಒಂದು ಅಂಕ, ತಾನೇ ತಿರುಗಿ ಮೇಲೇರಿದರೆ ಎರಡು. ನಿಂತವನನ್ನು ಕೆಡವಿ ಹಿಡಿತಕ್ಕೆ ತಂದುಕೊಂಡರೆ ನನ್ನ ಕಾಲದಲ್ಲಿ ಎರಡು ಅಂಕವಿತ್ತು, ಈಗ ಅದನ್ನು ಮೂರಕ್ಕೆ ಏರಿಸಿದ್ದಾರೆ. ಎರಡೂ ಹೆಗಲೆಲುಬುಗಳನ್ನು ಶಾಲಾ ಪಂದ್ಯದಲ್ಲಿ ಎರಡು ಸೆಕೆಂಡು, ಕಾಲೇಜಿನಲ್ಲಿ ಒಂದು ಸೆಕೆಂಡು ಚಾಪೆಗೆ ಒತ್ತಿ ಹಿಡಿದರೆ ಅಲ್ಲಿಗೆ ಪಂದ್ಯ ಮುಗಿಯಿತು. ಇದನ್ನೆಲ್ಲ ನಾನು ಫೋನಿನಲ್ಲಿ ಅಜ್ಜನಿಗೆ ಶ್ರದ್ಧೆಯಿಂದ ವಿವರಿಸಿದರೆ ಅವರು ನಡುವೆಯೇ ತಡೆದು, "ಅಂಕ ಗಿಂಕ ಬಿಡಲೇ, ಬೆನ್ನು ನೆಲಕ್ಕೆ ಹತ್ತಿತೋ ಇಲ್ವೋ, ಅದನ್ನ ಹೇಳು" ಎನ್ನುತ್ತಿದ್ದರು.

ಮೊದಲ ಚಳಿಗಾಲದಲ್ಲಿ ಬೆನ್ನು ಮೇಲಿಂದ ಮೇಲೆ ಹತ್ತುತ್ತಿತ್ತು. ನಾಲ್ಕು ಪಂದ್ಯ ಗೆದ್ದು ಹದಿನೇಳನ್ನು ಸೋತೆ. ಐದನೆಯ ವಯಸ್ಸಿನಿಂದಲೇ ಚಾಪೆಯ ಮೇಲೆ ಹೊರಳಾಡಿ ಬೆಳೆದ ಹುಡುಗರು ಅಲ್ಲಿ ಬೇಕಾದಷ್ಟಿದ್ದರು. ಹೊರಗೆ ಮೊಣಕಾಲೆತ್ತರದ ಹಿಮ; ಒಳಗೆ ಗೋಡೆಗಳಿಗೂ ಮೆತ್ತೆ ಹೊದಿಸಿದ ಕೋಣೆ, ಅದರಲ್ಲಿ ಮೂವತ್ತು ಹುಡುಗರ ಬೆವರಿನ ಆವಿ. ದಿನಕ್ಕೆ ಎರಡು ಗಂಟೆಯ ಅಭ್ಯಾಸದಲ್ಲಿ ಸುಮಾರು ಅರ್ಧ ಗಂಟೆಯನ್ನು ತರಬೇತುದಾರರು ಕೆಳಗಿನಿಂದ ಏಳುವುದಕ್ಕೇ ಮೀಸಲಿಡುತ್ತಿದ್ದರು: ಮೊದಲು ಬೆನ್ನನ್ನು ಹಿಂದಕ್ಕೆ ಒತ್ತಬೇಕು, ಒಂದು ಪಾದವನ್ನು ಊರಬೇಕು, ಸೊಂಟವನ್ನು ಬಳಸಿದ ಕೈಯ ಬೆರಳುಗಳನ್ನು ಎರಡೂ ಕೈಗಳಿಂದ ಹಿಡಿಯಬೇಕು, ಆಮೇಲೆ ನಿಂತು ತಿರುಗಬೇಕು. ಕೈಯನ್ನು ಹಿಡಿಯದೆ ಎದ್ದವನು ಮತ್ತೆ ನೆಲಕ್ಕೆ ಬೀಳುವುದು ಖಂಡಿತ. ಮೊದಲ ಎರಡು ತಿಂಗಳು ನಾನು ಹಾಗೆಯೇ ಬಿದ್ದೆ. ನಿಂತ ಕುಸ್ತಿಯ ಬೆಡಗು ನನಗೆ ಕೊನೆಯವರೆಗೂ ಪೂರ್ತಿ ಒಲಿಯಲಿಲ್ಲ, ಆದರೆ ನನ್ನಷ್ಟೇ ತೂಕದವನೊಬ್ಬನು ಇಡೀ ಮೈಯನ್ನು ನನ್ನ ಮೇಲೆ ಹೇರಿರುವಾಗ ಹಂತ ಹಂತವಾಗಿ ಎದ್ದು ನಿಲ್ಲುವ ಈ ಕೆಲಸ ನನ್ನನ್ನು ಹಿಡಿದುಕೊಂಡುಬಿಟ್ಟಿತು.

ನನಗೆ ಈ ಆಟದ ನಿಜವಾದ ರುಚಿ ಹತ್ತಿದ್ದು ಎರಡನೆಯ ವರ್ಷ, ಅದೂ ಒಂದು ಸೋಲಿನಲ್ಲಿ. ಎರಡು ಶಾಲೆಗಳ ನಡುವಿನ ಪಂದ್ಯದಲ್ಲಿ ಚಿತ್ ಮಾಡಿದವನ ತಂಡಕ್ಕೆ ಆರು ಅಂಕ ಸಿಗುತ್ತದೆ. ಎಂಟಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರೆ ಮೂರು ಮಾತ್ರ. ಅಂದು ನನ್ನ ಎದುರಾಳಿ ಹಿಂದಿನ ವರ್ಷ ರಾಜ್ಯಮಟ್ಟದಲ್ಲಿ ಆಡಿದವನು. ಕೊನೆಯ ಸುತ್ತಿನಲ್ಲಿ ಅವನು ಹಾಫ್ ನೆಲ್ಸನ್ (ಕಂಕುಳಡಿಯಿಂದ ಕೈ ತೂರಿಸಿ ಕತ್ತನ್ನು ಒತ್ತುವ ಪಟ್ಟು) ಹಾಕಿ ನನ್ನನ್ನು ಮಗುಚಿದಾಗ ಒಂದು ಹೆಗಲು ನೆಲಕ್ಕೆ ತಾಗಿತ್ತು. ಇನ್ನೊಂದನ್ನು ಮೇಲೆತ್ತಿ ಹಿಡಿಯಲು ಕುತ್ತಿಗೆಯನ್ನು ಬಿಲ್ಲಿನಂತೆ ಬಾಗಿಸಿ ತಲೆಯ ಮೇಲೆ ಭಾರ ಹಾಕಿದೆ. ಗಡಿಯಾರ ನನಗೆ ಕಾಣುತ್ತಿರಲಿಲ್ಲ, ಅಂಚಿನಲ್ಲಿ ಕುಳಿತ ಗೆಳೆಯರು ಸೆಕೆಂಡುಗಳನ್ನು ಎಣಿಸುವುದು ಮಾತ್ರ ಕೇಳಿಸುತ್ತಿತ್ತು. 7-1ರಿಂದ ಸೋತೆ. ಆದರೆ ತಂಡ 36-34ರಿಂದ ಗೆದ್ದಿತು, ನಾನು ಚಿತ್ ಆಗಿದ್ದರೆ ಆ ಲೆಕ್ಕ 36-37 ಆಗುತ್ತಿತ್ತು. ಆ ರಾತ್ರಿ ಅಜ್ಜನ ಪ್ರಶ್ನೆಗೆ ಮೊದಲ ಬಾರಿ ಹೆಮ್ಮೆಯಿಂದ ಉತ್ತರಿಸಿದೆ. ಒಬ್ಬಂಟಿ ಆಟವೆಂದು ಎಲ್ಲರೂ ಹೇಳುವ ಕುಸ್ತಿ ಶಾಲಾಮಟ್ಟದಲ್ಲಿ ಹಾಗಿರುವುದಿಲ್ಲ ಎಂಬುದು ಹೊರಗಿನವರಿಗೆ ಸುಲಭವಾಗಿ ಕಾಣದು.

ಇನ್ನು ಕಷ್ಟದ ಮಾತು. ನನ್ನನ್ನು ಎದುರಾಳಿಗಳಿಗಿಂತ ಹೆಚ್ಚು ದಣಿಸಿದ್ದು ತೂಕದ ಯಂತ್ರ. 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತಮ್ಮ ವಿಭಾಗದ ಮಿತಿಗೆ ಹೊಂದಲು ತೂಕ ಇಳಿಸುವ ಯತ್ನದಲ್ಲಿ ಸತ್ತರು. ಅದರ ನಂತರ ನಿಯಮಗಳು ಬಿಗಿಯಾದವು: ರಬ್ಬರಿನ ಉಡುಪು, ಬೆವರಿಳಿಸುವ ಬಿಸಿಕೋಣೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಗೆ ನಿಷೇಧ ಬಂದಿತು. ಶಾಲೆಗಳಲ್ಲಿಯೂ ಋತುವಿನ ಆರಂಭದಲ್ಲಿ ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ಮೂತ್ರ ಪರೀಕ್ಷಿಸಿ, ದೇಹದ ಕೊಬ್ಬನ್ನು ಅಳೆದು, ಹುಡುಗರಿಗೆ ಶೇ. 7 ಮತ್ತು ಹುಡುಗಿಯರಿಗೆ ಶೇ. 12ರ ಕೊಬ್ಬಿನ ಮಿತಿಯ ಮೇಲೆ ಇಳಿಯಬಹುದಾದ ಕನಿಷ್ಠ ತೂಕವನ್ನು ನಿಗದಿ ಮಾಡುತ್ತಾರೆ, ವಾರಕ್ಕೆ ಶೇ. 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಹದಿನಾರರ ಹುಡುಗ ಕನಿಷ್ಠ ಮಿತಿಯನ್ನು ರಕ್ಷಣೆಯೆಂದು ಓದುವುದಿಲ್ಲ, ಗುರಿಯೆಂದು ಓದುತ್ತಾನೆ. ಮೂರನೆಯ ವರ್ಷ 120 ಪೌಂಡಿನ ಜಾಗಕ್ಕಾಗಿ ತಂಡದೊಳಗೆ ನಡೆದ ಪಂದ್ಯದಲ್ಲಿ ನನ್ನ ಆಪ್ತ ಗೆಳೆಯನೇ ನನ್ನನ್ನು ಸೋಲಿಸಿದ. ಆಡಬೇಕೆಂದರೆ 113ಕ್ಕೆ ಇಳಿಯಬೇಕಿತ್ತು. ಇಳಿದೆ, ಎಲ್ಲವನ್ನೂ ನಿಯಮದ ಒಳಗೇ ಮಾಡಿದೆ.

ಕುಸ್ತಿಯ ಋತು ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯುವುದರಿಂದ ಸಂಕ್ರಾಂತಿ ಸರಿಯಾಗಿ ನಡುಮಧ್ಯೆ ಬರುತ್ತದೆ. ಊರಿನಿಂದ ಬಂದ ಎಳ್ಳು-ಬೆಲ್ಲದ ಡಬ್ಬಿಯನ್ನು ನಾನು ಮುಟ್ಟಲಿಲ್ಲ. "ಉಪವಾಸ ಬೀಳೋಕೆ ಇಷ್ಟು ದೂರ ಬರಬೇಕಿತ್ತೇನೋ?" ಎಂದು ಅಮ್ಮ ಕೇಳಿದ್ದಕ್ಕೆ ಸಿಡುಕಿದೆ, ತಂಗಿಯ ಮೇಲೆ ಕಾರಣವಿಲ್ಲದೆ ರೇಗಿದೆ, ಗಣಿತದ ಪರೀಕ್ಷೆಯಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಸಲ ಓದಿದೆ. ಆ ವಾರ ತೂಕವೇನೋ ಸರಿಯಾಗಿ ಬಂದಿತು. ಆದರೆ ಡಿಸೆಂಬರಿನಲ್ಲಿ ಸುಲಭವಾಗಿ ಸೋಲಿಸಿದ್ದ ಹುಡುಗನೆದುರು ಮೂರನೆಯ ಸುತ್ತಿನಲ್ಲಿ ಕಾಲುಗಳು ಮಾತು ಕೇಳಲಿಲ್ಲ. ಬೆನ್ನನ್ನು ಹಿಂದಕ್ಕೆ ಒತ್ತುವ ಮೊದಲ ಹೆಜ್ಜೆಗೂ ಶಕ್ತಿಯಿಲ್ಲದೆ ಕೆಳಗೇ ಉಳಿದೆ. ಮರುವಾರವೇ ತರಬೇತುದಾರರಿಗೆ ಹೇಳಿ 120ಕ್ಕೆ ಮರಳಿದೆ. ಉಳಿದ ಋತುವೆಲ್ಲ ಎರಡನೆಯ ತಂಡದಲ್ಲಿ, ಪ್ರೇಕ್ಷಕರಿಲ್ಲದ ಸಂಜೆಗಳಲ್ಲಿ ಆಡಿದೆ. ನಾಚಿಕೆಯಾಗಿತ್ತು, ಆದರೆ ಅಮ್ಮ ಮಾಡಿದ ಜೋಳದ ರೊಟ್ಟಿ, ಬೇಳೆ, ಮೊಸರನ್ನು ಹೊಟ್ಟೆ ತುಂಬ ತಿಂದು ಆಡಿದ ಆ ಪಂದ್ಯಗಳಲ್ಲಿಯೇ ನಾನು ಹೆಚ್ಚು ಕಲಿತದ್ದು. ಮಾಂಸವಿಲ್ಲದೆ ಕುಸ್ತಿ ಸಾಧ್ಯವೇ ಎಂದು ಈಗಲೂ ಕೇಳುವವರಿಗೆ ಅಷ್ಟು ಹೇಳಿದರೆ ಸಾಕು.

ಚರ್ಮರೋಗಗಳ ಕಾಟವೂ ಉಂಟು. ಹುಳುಕಡ್ಡಿ ಒಬ್ಬನಿಗೆ ಬಂದರೆ ಚಾಪೆಯ ಮೂಲಕ ಇಡೀ ತಂಡಕ್ಕೆ ಹರಡುತ್ತದೆ, ಆದ್ದರಿಂದ ಪಂದ್ಯಕ್ಕೆ ಮುನ್ನ ಮೈಯ ತಪಾಸಣೆ ಕಡ್ಡಾಯ. ತಲೆಗೆ ಕಟ್ಟುವ ಕಿವಿರಕ್ಷೆಯೂ ಶಾಲಾ ಪಂದ್ಯದಲ್ಲಿ ಕಡ್ಡಾಯವೇ. ನಾನು ಅಭ್ಯಾಸದ ವೇಳೆ ಅದನ್ನು ತೆಗೆದಿಡುತ್ತಿದ್ದೆ. ಅದರ ಫಲವಾಗಿ ನನ್ನ ಎಡಗಿವಿಯೂ ಈಗ ಅಜ್ಜನದರಂತೆಯೇ ಇದೆ.

2013ರಲ್ಲಿ ಅಯೋವಾದಲ್ಲೇ ಕಾಲೇಜು ಕ್ರೀಡೆಯ ಮೂರನೆಯ ಶ್ರೇಣಿಯಲ್ಲಿ (ಡಿವಿಷನ್ III) ಆಡುವ ಒಂದು ಚಿಕ್ಕ ಕಾಲೇಜಿಗೆ ಸೇರಿದೆ. ಆ ಶ್ರೇಣಿಯಲ್ಲಿ ಕ್ರೀಡೆಗೆಂದು ವಿದ್ಯಾರ್ಥಿವೇತನವಿಲ್ಲ. ಶುಲ್ಕ ಕಟ್ಟಿ, ಬೆಳಗಿನ ಆರಕ್ಕೆ ಎದ್ದು, ಸಂಜೆ ಮತ್ತೆ ಬೆವರಿ, ಬಸ್ಸಿನಲ್ಲಿ ಪ್ರಯೋಗಾಲಯದ ವರದಿ ಬರೆಯುವವರೇ ಅಲ್ಲಿ ಆಡುವುದು. ಕಾಲೇಜಿನ ಅತಿ ಕಡಿಮೆ ವಿಭಾಗ 125 ಪೌಂಡ್. ನಾನು ತೂಕ ಇಳಿಸುವ ಪ್ರಮೇಯವೇ ಬರಲಿಲ್ಲ, ಆದರೆ ಹದಿನೆಂಟರ ನನ್ನೆದುರಿಗೆ ನಿಲ್ಲುತ್ತಿದ್ದವರು ಗಡ್ಡ ಬಲಿತ ಇಪ್ಪತ್ತೆರಡರ ಗಂಡಸರು. ಶಾಲೆಯ ಆರು ನಿಮಿಷದ ಪಂದ್ಯ ಇಲ್ಲಿ ಏಳು ನಿಮಿಷ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಹಿಡಿತದ ಕಾಲವನ್ನೂ ಲೆಕ್ಕ ಹಾಕುತ್ತಾರೆ: ಎದುರಾಳಿಗಿಂತ ಒಟ್ಟು ಒಂದು ನಿಮಿಷ ಹೆಚ್ಚು ಹೊತ್ತು ಮೇಲಿದ್ದವನಿಗೆ ಕೊನೆಯಲ್ಲಿ ಒಂದು ಅಂಕ. ಶಾಲೆಯಲ್ಲಿ ನಿಧಾನವಾಗಿ ಎದ್ದರೂ ನಡೆಯುತ್ತಿದ್ದ ನನಗೆ ಇದು ಹೊಸ ಪಾಠ. ಮೂರನೆಯ ವರ್ಷ ಬಲಭುಜ ಕಳಚಿ ಶಸ್ತ್ರಚಿಕಿತ್ಸೆಯಾಯಿತು, ಇಡೀ ಋತು ಹೋಯಿತು.

2017ರ ಪ್ರಾದೇಶಿಕ ಕೂಟದಲ್ಲಿ ನನ್ನ ಕೊನೆಯ ಪಂದ್ಯ 3-3ರಲ್ಲಿ ನಿಂತಾಗ ಎದುರಾಳಿಯ ಹಿಡಿತದ ಕಾಲ ಒಂದು ನಿಮಿಷ ಎಂಟು ಸೆಕೆಂಡು ಎಂದು ಗಡಿಯಾರ ತೋರಿಸುತ್ತಿತ್ತು. 4-3. ಎರಡನೆಯ ಸುತ್ತಿನಲ್ಲಿ ಒಂಬತ್ತು ಸೆಕೆಂಡು ಮೊದಲು ಎದ್ದಿದ್ದರೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತು. ಅಜ್ಜನಿಗೆ ಇದನ್ನು ಎಷ್ಟು ವಿವರಿಸಿದರೂ ಅವರು ಸೋಲೆಂದು ಒಪ್ಪಲಿಲ್ಲ. ಬೆನ್ನು ಹತ್ತಿಲ್ಲದ ಮೇಲೆ ಸೋಲು ಎಲ್ಲಿಂದ ಬಂತು ಎಂಬುದು ಅವರ ವಾದ.

ಈಗ ನಾನು ಇಂಜಿನಿಯರ್ ಕೆಲಸದ ಜೊತೆಗೆ ಹತ್ತಿರದ ಹೈಸ್ಕೂಲಿನಲ್ಲಿ ಸಹಾಯಕ ತರಬೇತುದಾರನಾಗಿದ್ದೇನೆ. 2011ರಲ್ಲಿ ಇಬ್ಬರು ಹುಡುಗಿಯರು ಅಯೋವಾದ ರಾಜ್ಯಮಟ್ಟದ ಕೂಟಕ್ಕೆ ಅರ್ಹತೆ ಪಡೆದದ್ದೇ ಆಗ ದೊಡ್ಡ ಸುದ್ದಿಯಾಗಿತ್ತು; ಇಂದು ಹುಡುಗಿಯರಿಗೆ ಪ್ರತ್ಯೇಕ ಕೂಟವಿದೆ, ನಮ್ಮ ಕೋಣೆಯಲ್ಲಿ ಅವರ ತಂಡವೂ ಇದೆ. ಹೊಸಬರಿಗೆ ಮೊದಲ ಎರಡು ವಾರ ಕೆಳಗಿನಿಂದ ಏಳುವುದನ್ನು ಬಿಟ್ಟು ಬೇರೇನನ್ನೂ ಕಲಿಸುವುದಿಲ್ಲ. ಅವರಿಗೆ ಬೇಸರವಾಗುತ್ತದೆ, ಆಗಲಿ. ಪೋಷಕರ ಸಭೆಯಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಮನೆಯಲ್ಲಿ ತೂಕದ ಯಂತ್ರವಿದ್ದರೆ ಮಾರ್ಚ್ ತಿಂಗಳವರೆಗೆ ಅದನ್ನು ಎತ್ತಿಟ್ಟುಬಿಡಿ.